ಹೆಟ್ಟಿ ಪಾಂಟಿಂಗ್ ಮನೆಗೆ ಸುಣ್ಣ ಹೊಡೆದದ್ದು

ನಮ್ಮೂರು ಚಿಲ್‌ಬ್ರೂಕಿನ ಬೀದಿ ಪಂಪಿನಿಂದ ಹೆಟ್ಟಿ ಪಾಂಟಿಂಗ್‌ಳ ಹಿತ್ತಿಲ ಬಾಗಿಲಿಗೆ ಇನ್ನೂರ ಹನ್ನೊಂದು ಹೆಜ್ಜೆ. ಖಾಲಿ ಬಕೆಟ್ ಹಿಡಿದು ಇಳಿಯುವಾಗ ನೂರ ತೊಂಬತ್ತು, ತುಂಬಿದ ಬಕೆಟ್ ಹೊತ್ತು ಏರುವಾಗ ಇನ್ನೂರ ಹನ್ನೊಂದು. ಎಣಿಕೆ ತಪ್ಪಿದ್ದಲ್ಲ, ಭಾರ ಹೊತ್ತವಳ ಹೆಜ್ಜೆ ಗಿಡ್ಡವಾಗುತ್ತದೆ, ಅಷ್ಟೆ. ಮದುವೆಯಾಗಿ ಆ ಮನೆಗೆ ಬಂದ ಇಪ್ಪತ್ತೆಂಟು ವರ್ಷದಿಂದ ಅವಳು ಈ ದಾರಿ ತುಳಿದಿದ್ದಳು. ಈಗ ಅವಳಿಗೆ ಐವತ್ತೆರಡು. ಎಡಗಡೆಯ ಸೊಂಟ ಹಿಡಿದುಕೊಂಡು ಎರಡು ವರ್ಷವಾಗಿತ್ತು.

ದಿನಕ್ಕೆ ನಾಲ್ಕು ಸಲ ಹೋಗಿ ಬಂದರೆ ಸಾಕಾಗುತ್ತಿತ್ತು, ಸೋಮವಾರ ಮಾತ್ರ ಸಾಲುತ್ತಿರಲಿಲ್ಲ. ಸೋಮವಾರ ಬಟ್ಟೆ ಒಗೆಯುವ ದಿನ. ಮಂಗಳವಾರ ಒಗೆದರೆ ಆಗದೇ ಎಂದು ಕೇಳುವವರು ನಮ್ಮೂರಿನವರೇ ಅಲ್ಲ. ಮಂಗಳವಾರ ಹಗ್ಗದ ಮೇಲೆ ಬಟ್ಟೆ ಕಂಡಿತೆಂದರೆ ಆ ಮನೆಯಲ್ಲಿ ಸಾವಾಗಿರಬೇಕು, ಇಲ್ಲವೇ ಆ ಮನೆಯವಳು ಸೋಮಾರಿಯಾಗಿರಬೇಕು. ಎರಡರಲ್ಲಿ ಸಾವೇ ವಾಸಿ ಎನ್ನುವ ಜನ ನಾವು! ಹಂಡೆ ತುಂಬಿಸಿ, ಕಾಯಿಸಿ, ಒಗೆದು, ಎರಡು ಸಲ ಜಾಲಿಸುವಷ್ಟರಲ್ಲಿ ಹದಿನಾಲ್ಕು ಬಕೆಟ್ ನೀರು ಆ ದಿಬ್ಬ ಹತ್ತಬೇಕಿತ್ತು.

ಮನೆ ಎಂದರೆ ಪೂರ್ತಿ ಮನೆಯೂ ಅಲ್ಲ. ಹುಲ್ಲು ಹೊದಿಸಿದ ಒಂದೇ ಸೂರನ್ನು ನಡುಗೋಡೆಯಿಂದ ಎರಡು ಪಾಲು ಮಾಡಿದ್ದರು. ಒಂದು ಪಾಲಿನಲ್ಲಿ ಹೆಟ್ಟಿ ಮತ್ತು ಅವಳ ಗಂಡ ವಾಲ್ಟ್, ಇನ್ನೊಂದರಲ್ಲಿ ವಿಧವೆ ಕ್ವೀನಿ ಸ್ಟ್ರಗ್ನೆಲ್ ಮತ್ತು ಹಾಸಿಗೆ ಹಿಡಿದ ಅವಳ ತಾಯಿ. ಎರಡು ಪಾಲಿಗೂ ಹಿಂದಿನ ಗೋಡೆ ಒಂದೇ. ವರ್ಷದ ಹತ್ತು ತಿಂಗಳು ಅದರ ಮೇಲೆ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತಿತ್ತು. ಉಪ್ಪು ಭರಣಿಯಲ್ಲೇ ನೀರಾಗುತ್ತಿತ್ತು. ಭಾನುವಾರ ಚರ್ಚಿಗೆ ಮೆಟ್ಟಿಕೊಂಡು ಹೋಗಿ ಬಂದ ಬೂಟುಗಳನ್ನು ಮಂಚದ ಕೆಳಗಿಟ್ಟರೆ ಮುಂದಿನ ಭಾನುವಾರಕ್ಕೆ ಹಸಿರು ಬೂಸ್ಟು. ಮಳೆ ಜೋರಾದರೆ ಮಹಡಿಯ ಕೋಣೆಯಲ್ಲಿ ಹಾಸಿಗೆಯ ಕಾಲ ಬಳಿ ಒಂದು ಬಕೆಟ್, ಕಿಟಕಿಯ ಬಳಿ ಒಂದು ಬೋಗುಣಿ ಇಡಬೇಕಾಗುತ್ತಿತ್ತು.

ವಾಲ್ಟ್ ಊರ ರಸ್ತೆಗಳ ಚರಂಡಿ ತೋಡುವ, ಬೇಲಿ ಕತ್ತರಿಸುವ ಕೆಲಸದವನು. ಮೆದು ಮಾತಿನ ಮನುಷ್ಯ. ಐವತ್ತೈದಕ್ಕೇ ಅವನ ಎದೆ ಗೊರಗೊರ ಎನ್ನತೊಡಗಿತ್ತು. ಒಮ್ಮೆ ಕೆಮ್ಮು ಹತ್ತಿತೆಂದರೆ ಮೇಜಿನ ಅಂಚು ಹಿಡಿದು ಬಗ್ಗಿ ನಿಲ್ಲುತ್ತಿದ್ದ, ಮುಗಿದ ಮೇಲೆ ತನ್ನದೇ ತಪ್ಪೆಂಬಂತೆ ಹೆಂಡತಿಯ ಮುಖ ನೋಡಿ ಪೆಚ್ಚುನಗೆ ನಗುತ್ತಿದ್ದ. ಆ ವರ್ಷ ಮಾರ್ಚ್‌ನಲ್ಲಿ ಡಾಕ್ಟರು ಅವನನ್ನು ನೋಡಿ, ಹೊರಡುವಾಗ ಗೇಟಿನ ಬಳಿ ಹೆಟ್ಟಿಯೊಬ್ಬಳಿಗೇ ಹೇಳಿದರು.

"ಔಷಧಿ ನಾನು ಕೊಡಬಹುದು ಮಿಸೆಸ್ ಪಾಂಟಿಂಗ್, ಗೋಡೆ ಒಣಗಿಸೋಕೆ ನನ್ನ ಕೈಲಾಗಲ್ಲ. ಈ ಮನೆ ಬಿಡಿ. ಇಲ್ಲೇ ಇದ್ರೆ ಇನ್ನೊಂದು ಚಳಿಗಾಲ, ಹೆಚ್ಚಂದ್ರೆ ಎರಡು."

ಹೆಟ್ಟಿ ಆ ಮಾತನ್ನು ಗಂಡನಿಗೆ ಹೇಳಲಿಲ್ಲ. ಒಳಗೆ ಬಂದು, ಡಾಕ್ಟರು ಬೆಚ್ಚಗಿರಬೇಕು ಅಂದರು ಎಂದಷ್ಟೇ ಹೇಳಿ ಆಲೂಗಡ್ಡೆ ಸುಲಿಯುತ್ತ ಕುಳಿತಳು.

ಬಿಡಿ ಎಂದರೆ ಹೋಗುವುದೆಲ್ಲಿಗೆ? ದೇವರು ಕಣ್ಣು ಬಿಟ್ಟನೋ ಎಂಬಂತೆ ಆ ವರ್ಷವೇ ಜಿಲ್ಲೆಯ ಕೌನ್ಸಿಲಿನವರು ಚರ್ಚಿನ ಆಚೆಯ ಹೊಲದಲ್ಲಿ ಬಾಡಿಗೆಗೆ ಕೊಡಲು ಆರು ಹೊಸ ಮನೆ ಕಟ್ಟುತ್ತಿದ್ದರು. ಇಟ್ಟಿಗೆಯ ಮನೆ, ಹೆಂಚಿನ ಸೂರು, ಅಡುಗೆಮನೆಯೊಳಗೇ ನಲ್ಲಿ, ಸರಪಳಿ ಎಳೆದರೆ ನೀರು ಸುರಿಯುವ ಕಕ್ಕಸು! ಆರರಲ್ಲಿ ಎರಡು ಚಿಕ್ಕವು, ಸಣ್ಣ ಸಂಸಾರಕ್ಕೆಂದೇ ಕಟ್ಟಿದವು. ಪ್ರಾರ್ಥನೆ ಮುಗಿಸಿದ ಹೆಂಗಸರು ಭಾನುವಾರ ಭಾನುವಾರ ಅತ್ತ ಸುತ್ತಿಕೊಂಡು ಬರುತ್ತಿದ್ದರು. ಹೆಟ್ಟಿಯೂ ಹೋಗಿದ್ದಳು. ಇನ್ನೂ ಬಾಗಿಲಿಡದ ಒಂದು ಚಿಕ್ಕ ಮನೆಯ ಅಡುಗೆಕೋಣೆಯಲ್ಲಿ, ನಲ್ಲಿ ಬರಲಿರುವ ಜಾಗದಲ್ಲಿ ನಿಂತು ಗೋಡೆ ಮುಟ್ಟಿ ನೋಡಿದ್ದಳು. ಕೈ ಒಣಗಿಯೇ ಇತ್ತು. ಮಾರನೆಯ ದಿನವೇ ಹೆಸರು ಬರೆಸಿದಳು. ಕ್ವೀನಿಯೂ ಬರೆಸಿದಳು.

ಯಾರ ಮನೆ ವಾಸಕ್ಕೆ ಯೋಗ್ಯವಲ್ಲವೋ ಅವರಿಗೆ ಮೊದಲು ಎಂಬುದು ಕೌನ್ಸಿಲಿನ ನಿಯಮ. ಮೇ ಕೊನೆಯಲ್ಲಿ ಎರಡೂ ಪಾಲಿಗೆ ಪೋಸ್ಟ್‌ಕಾರ್ಡ್ ಬಂತು. ಜೂನ್ ಹನ್ನೆರಡು, ಗುರುವಾರ, ಮಿಸ್ಟರ್ ಟ್ರಿಗ್ ಎಂಬುವರು ಮನೆಯ ಸ್ಥಿತಿ ನೋಡಲು ಬರುತ್ತಾರೆ.

ಹೆಟ್ಟಿ ಕಾರ್ಡನ್ನು ಎರಡು ಸಲ ಓದಿದಳು. ಮನೆ ನೋಡಲು ಬರುತ್ತಾರೆ!

ಇಲ್ಲೊಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದೆ ಅವಳು ಮಾಡಿದ್ದನ್ನು ಕೇಳಿ ನೀವು ಇವಳಿಗೆ ಹುಚ್ಚು ಎನ್ನುತ್ತೀರಿ. ಹೆಟ್ಟಿ ಹದಿನಾಲ್ಕನೆಯ ವಯಸ್ಸಿಗೆ ಪಾದ್ರಿಗಳ ಬಂಗಲೆಗೆ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಆಳುಗಳ ಮೇಲ್ವಿಚಾರಕಿ ಮಿಸ್ ಪಾರ್ಗಿಟರ್ ಎಂಬಾಕೆ ದಿನಾ ಬೆಳಿಗ್ಗೆ ಬಿಳಿ ಕರವಸ್ತ್ರ ಹಿಡಿದು ಬರುತ್ತಿದ್ದಳು. ಬಾಗಿಲ ಮೇಲಂಚು, ಮೆಟ್ಟಿಲ ಸಂದು, ಗಡಿಯಾರದ ಬೆನ್ನು ಎಲ್ಲ ಒರೆಸಿ ನೋಡುತ್ತಿದ್ದಳು. ಕರವಸ್ತ್ರಕ್ಕೆ ಕೊಳೆ ಹತ್ತಿದರೆ ಆ ರಾತ್ರಿ ಹೆಟ್ಟಿಗೆ ಊಟವಿಲ್ಲ. ಹತ್ತು ವರ್ಷ ಹೀಗೆ ಬದುಕಿದವಳಿಗೆ ಪರರ ಕಣ್ಣು ಮನೆಯೊಳಗೆ ಬೀಳುತ್ತದೆ ಎಂದರೆ ಅದೇ ಕರವಸ್ತ್ರದ ನೆನಪು. ಬಂಗಲೆ ಬಿಟ್ಟರೂ ಬಂಗಲೆ ಅವಳನ್ನು ಬಿಟ್ಟಿರಲಿಲ್ಲ.

ಪೋಸ್ಟ್‌ಕಾರ್ಡ್ ಬಂದ ಸಂಜೆಯೇ ಸುಣ್ಣ ಕಲಸಲು ಕುಳಿತಳು. ಬೇಲಿಯಾಚೆಯಿಂದ ಕ್ವೀನಿ ಇದನ್ನು ನೋಡಿದಳು. ಕ್ವೀನಿ ಹೇಗೆಂದರೆ, ಅವಳ ಬಟ್ಟೆ ಬುಧವಾರವೂ ಹಗ್ಗದ ಮೇಲಿರುತ್ತಿತ್ತು. ಊರು ಆಡಿಕೊಂಡರೆ "ಆಡ್ಕೊಳ್ಳಿ, ಬಾಯಿ ಅವರದ್ದು" ಎನ್ನುವವಳು.

"ಏನೇ ಅದು ಹೆಟ್ಟಿ, ಸುಣ್ಣ? ತಲೆ ಕೆಟ್ಟಿದ್ಯಾ ನಿಂಗೆ?"

"ಹೊರಗಿನ ಗಂಡಸು ಮನೆಯೊಳಗೆ ಬರ್ತಾನೆ ಕಣೇ. ಅವನಿಗೆ ಬೂಸ್ಟು ತೋರಿಸ್ಲಾ?"

"ಅಯ್ಯೋ ಪುಣ್ಯಾತ್ಗಿತ್ತಿ, ಬೂಸ್ಟು ನೋಡೋಕೇ ಅವ್ನು ಬರ್ತಿರೋದು! ಏನೂ ಮಾಡ್ಬೇಡ. ಕೈ ಕಟ್ಕೊಂಡು ಸುಮ್ನೆ ಕೂತ್ಕೋ. ಈ ಜನ್ಮದಲ್ಲಿ ಒಂದ್ಸಲ."

"ಕೂತ್ಕೊಂಡು? ಪಾಂಟಿಂಗ್ ಹೆಂಡ್ತಿ ಕೊಳಕಿ ಅಂತ ಅವ್ನು ಬರ್ಕೊಂಡು ಹೋಗ್ಲಿ ಅಂತೀಯಾ?"

"ಗೋಡೆ ಕೊಳಕು ಅಂತ ಬರ್ಕೋತಾನೆ, ನಿನ್ನನ್ನಲ್ಲ."

"ಗೋಡೆ ಬೇರೆ ನಾನು ಬೇರೆನಾ? ಹೋಗೇ, ನಿನ್ನ ಕೆಲಸ ನೋಡ್ಕೋ," ಎಂದು ಹೆಟ್ಟಿ ಬೆನ್ನು ತಿರುಗಿಸಿದಳು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಎರಡು ವಾರ ಹಾಗಾಯಿತು. ಹಿಂದಿನ ಗೋಡೆಯ ಹಸಿರನ್ನು ಚಾಕುವಿನಿಂದ ಕೆರೆದು ಮೂರು ಕೈ ಸುಣ್ಣ ಹೊಡೆದಳು. ಅಷ್ಟಾದರೂ ಕಲೆ ಮೇಲೆದ್ದು ಬಂದ ಕಡೆಗೆ ಪಿಂಗಾಣಿ ಇಡುವ ದೊಡ್ಡ ಕಪಾಟನ್ನು ತಾನೂ ವಾಲ್ಟನೂ ಸೇರಿ ನೂಕಿ ನಿಲ್ಲಿಸಿದರು. ಅಷ್ಟಕ್ಕೇ ವಾಲ್ಟ್ ಅರ್ಧ ಗಂಟೆ ಕೆಮ್ಮಿದ. ಕಲ್ಲಿದ್ದಲಿಂದ ಮಿಠಾಯಿವರೆಗೆ ಎಲ್ಲಕ್ಕೂ ರೇಷನ್ ಇದ್ದ ಕಾಲ ಅದು. ಚಳಿಗಾಲಕ್ಕೆಂದು ಉಳಿಸಿದ್ದ ಕಲ್ಲಿದ್ದಲನ್ನು ಜೂನ್ ತಿಂಗಳಲ್ಲಿ ಮೂರು ದಿನ ಹಗಲೂ ರಾತ್ರಿ ಉರಿಸಿ ಮನೆ ಒಣಗಿಸಿದಳು. ಕಿಟಕಿಗೆ ಹೊಸ ಪರದೆ ಬಂತು, ಕಕ್ಕಸಿನ ಹಲಗೆಯನ್ನೂ ಮರಳು ಹಾಕಿ ಬೆಳ್ಳಗೆ ಉಜ್ಜಿದ್ದಾಯಿತು. ಸೋರುವ ಜಾಗದ ಬಕೆಟ್ಟೂ ಬೋಗುಣಿಯೂ ಹಿತ್ತಿಲ ಕೊಟ್ಟಿಗೆಯಲ್ಲಿ ಅಡಗಿದವು. ಇದಕ್ಕೆಲ್ಲ ನೀರು ಎಲ್ಲಿಂದ? ಅದೇ ದಿಬ್ಬ, ಅದೇ ಇನ್ನೂರ ಹನ್ನೊಂದು ಹೆಜ್ಜೆ. ಬುಧವಾರ ಸಂಜೆ ಮೆಟ್ಟಿಲು ಹತ್ತಲಾಗದೆ ಅವಳು ಅಡುಗೆಮನೆಯ ಕುರ್ಚಿಯಲ್ಲೇ ನಿದ್ದೆ ಹೋದಳು.

ಗುರುವಾರ ಬೆಳಿಗ್ಗೆ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು ಕಾಲರು ಸರಿಮಾಡಿದಳು.

"ವಾಲ್ಟ್, ಅವರು ಇರೋವಷ್ಟು ಹೊತ್ತು ಕೆಮ್ಮಬೇಡ."

"ಬಂದ್ರೆ ಏನ್ಮಾಡ್ಲಿ ಹುಡುಗಿ?" ಮದುವೆಯಾದಂದಿನಿಂದ ಅವನು ಅವಳನ್ನು ಕರೆಯುತ್ತಿದ್ದುದೇ ಹಾಗೆ.

"ಬಾಯಲ್ಲಿ ಇದಿಟ್ಕೋ," ಎಂದು ತಿಂಗಳ ರೇಷನ್ನಿನ ಪೆಪ್ಪರ್‌ಮಿಂಟಿನ ಪೊಟ್ಟಣವನ್ನೇ ಅವನ ಜೇಬಿಗೆ ಹಾಕಿದಳು.

ಮಿಸ್ಟರ್ ಟ್ರಿಗ್ ಒಳ್ಳೆಯ ಮನುಷ್ಯ. ಸಾಧು ಮುಖ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಬಾಗಿಲ ಬಳಿ ಬೂಟು ಒರೆಸಿಕೊಂಡೇ ಒಳಗೆ ಬಂದ. ಅಂದು ಬಿಸಿಲು ಬೇರೆ. ನಮ್ಮೂರಿನಲ್ಲಿ ವರ್ಷಕ್ಕೆ ಹತ್ತು ದಿನ ಬೀಳುವ ಬಿಸಿಲು ಅಂದೇ ಬೀಳಬೇಕೇ! ಪಿಂಗಾಣಿ ಫಳಫಳ ಹೊಳೆಯುತ್ತಿತ್ತು. ಮೇಜಿನ ಮೇಲೆ ಎರಡು ವಾರದ ರೇಷನ್ನಿನ ಬೆಣ್ಣೆ, ಸಕ್ಕರೆ ಸುರಿದು ಮಾಡಿದ ಕೇಕು.

"ತೇವದ ಕಾಟ ಏನಾದ್ರೂ ಇದೆಯಾ ಮಿಸೆಸ್ ಪಾಂಟಿಂಗ್?"

ಅವಳಿಗೆ ಉತ್ತರ ಗೊತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನ ಕಣ್ಣು ತಾನು ಮಡಿಸಿಟ್ಟ ಮೇಜುವಸ್ತ್ರದ ಮೇಲೆ ಮೆಚ್ಚುಗೆಯಿಂದ ಓಡಾಡುವುದನ್ನು ಕಂಡಳು.

"ದೂರು ಹೇಳೋ ಅಂಥದ್ದೇನಿಲ್ಲ ಸಾರ್."

"ನೀರು?"

"ಇಲ್ಲೇ ಸಾರ್, ಕೆಳಗಡೆ. ಅಭ್ಯಾಸ ಆಗಿದೆ."

"ಸೂರು ಸೋರುತ್ತಾ?"

"ಎಲ್ಲರ ಮನೆ ಹಾಗೇ ಸಾರ್. ನಾವು ಗೊಣಗೋ ಜನ ಅಲ್ಲ."

ವಾಲ್ಟ್ ಒಲೆಯ ಪಕ್ಕ ನಿಂತಿದ್ದ. ಬಾಯಲ್ಲಿ ಮೂರು ಪೆಪ್ಪರ್‌ಮಿಂಟು. ಕೆಮ್ಮು ಎದೆಯಿಂದ ಗಂಟಲಿಗೆ ಏರುತ್ತಿತ್ತು, ಅವನು ಹಲ್ಲು ಕಚ್ಚಿ ಒಳಗೆ ನುಂಗುತ್ತಿದ್ದ. ಮುಖ ಕೆಂಪೇರಿ ಟೊಮೆಟೊ ಆಗಿತ್ತು. ಕೊನೆಗೆ ತಡೆಯಲಾರದೆ, "ಹುರುಳಿಕಾಯಿ ಬಳ್ಳಿ ನೋಡಿ ಬರ್ತೀನಿ," ಎಂದು ಹೊರಗೆ ನಡೆದ. ತೋಟದ ಆ ತುದಿಗೆ ಹೋಗಿ, ಕಕ್ಕಸಿನ ಹಿಂದೆ ಮಂಡಿಯೂರಿ ಕುಳಿತು, ಟೋಪಿಯನ್ನು ಬಾಯಿಗೊತ್ತಿಕೊಂಡು ಕೆಮ್ಮಿದ.

"ನಿಮ್ಮ ಯಜಮಾನ್ರು ಗಟ್ಟಿಮುಟ್ಟಾಗಿದ್ದಾರೆ. ಮುಖದಲ್ಲಿ ಒಳ್ಳೆ ಕಳೆ ಇದೆ," ಎಂದ ಮಿಸ್ಟರ್ ಟ್ರಿಗ್. ಕೇಕಿನ ಇನ್ನೊಂದು ತುಂಡು ತಿಂದ, ಏನೋ ಬರೆದುಕೊಂಡ, ಟೋಪಿ ಎತ್ತಿ ವಂದಿಸಿ ಪಕ್ಕದ ಪಾಲಿಗೆ ಹೋದ.

ಅಂದು ಹೆಟ್ಟಿಗೆ ಎಷ್ಟು ಖುಷಿ! ಕರವಸ್ತ್ರ ಬಿಳಿಯಾಗಿಯೇ ಉಳಿಯಿತು ಎಂಬ ಖುಷಿ. ಅಚ್ಚುಕಟ್ಟು ನೋಡಿಯಾದರೂ ಹೊಸ ಮನೆ ಇಂಥವರಿಗೇ ಕೊಡಬೇಕು ಅನ್ನಿಸದೆ ಇರುತ್ತದೆಯೇ, ಹೊಸ ಮನೆಯನ್ನು ಹಾಳು ಮಾಡುವವರಿಗೆ ಯಾರಾದರೂ ಕೊಡುತ್ತಾರೆಯೇ ಎಂದು ಅವಳ ಲೆಕ್ಕ. ಉಳಿದ ಕೇಕನ್ನು ಗಂಡನಿಗೆ ಕೊಟ್ಟು, ಅವನು ತಿನ್ನುವುದನ್ನು ನೋಡುತ್ತ ಕುಳಿತಳು.

ಆಗಸ್ಟಿನಲ್ಲಿ ಪತ್ರ ಬಂತು. ಹೆಟ್ಟಿ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತು ಓದಿದಳು. ತಮ್ಮ ಮನೆ ಒಣಗಿದೆ, ಸುಸ್ಥಿತಿಯಲ್ಲಿದೆ, ವಾಸಕ್ಕೆ ಯೋಗ್ಯವಾಗಿದೆ. ಆದ್ದರಿಂದ ಈ ಸಲ ತಮ್ಮ ಅರ್ಜಿ ಪರಿಗಣಿಸಲಾಗುತ್ತಿಲ್ಲ. ಅದೇ ಅಂಚೆಯಲ್ಲಿ ಕ್ವೀನಿಗೆ ಬಂದ ಪತ್ರದಲ್ಲಿ, ತಮ್ಮ ಮನೆ ವಾಸಕ್ಕೆ ಅಯೋಗ್ಯವಾಗಿದೆ, ಅಕ್ಟೋಬರಿನಲ್ಲಿ ಹೊಸ ಮನೆಗಳಲ್ಲಿ ಎರಡನೆಯದಕ್ಕೆ ಹೋಗಬಹುದು ಎಂದಿತ್ತು. ಒಂದೇ ಸೂರು, ಒಂದೇ ಗೋಡೆ. ಅರ್ಧ ಯೋಗ್ಯ, ಅರ್ಧ ಅಯೋಗ್ಯ!

ಕ್ವೀನಿ ಬೇಲಿಯ ಬಳಿ ಬಂದು ನಿಂತಳು. ಅವಳಿಗೂ ನಗು ಬರಲಿಲ್ಲ.

"ನಾನು ಅವನಿಗೆ ಹೇಳ್ದೆ ಹೆಟ್ಟಿ. ಪಕ್ಕದ ಮನೇದೂ ಹೀಗೇ ಸಾರ್, ಗೋಡೆ ಒಂದೇ ಅಂದೆ. ಅವ್ನು ನನ್ನ ಮುಖ ನೋಡಿ ನಕ್ಕ. 'ಇಲ್ಲಮ್ಮ, ಈಗ ತಾನೇ ನೋಡ್ಕೊಂಡು ಬಂದೆ. ಎಲ್ಲಾ ಇಟ್ಕೊಳ್ಳೋರ ಮೇಲಿರುತ್ತೆ' ಅಂದ. ನಂಗೆ ಅಂದಿದ್ದು, ತಿಳ್ಕೋ. ನಾನು ಬೈಸ್ಕೊಂಡೂ ಸುಮ್ನಿದ್ದೆ. ಅಮ್ಮನಿಗೆ ಮನೆ ಬೇಕಿತ್ತಲ್ಲ."

ಹೆಟ್ಟಿ ಒಳಗೆ ಹೋದಳು. ಸಿಟ್ಟು ಕ್ವೀನಿಯ ಮೇಲೋ, ಟ್ರಿಗ್ ಮೇಲೋ, ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ! ಒಳಗೆ ವಾಲ್ಟ್ ಪತ್ರ ಓದಿ ಮಡಿಸಿ ಗಡಿಯಾರದ ಹಿಂದೆ ಇಟ್ಟಿದ್ದ.

"ಕೆಮ್ಮಬೇಡ ಅಂದ್ರೆ ಕೆಮ್ಮದೇ ಇರ್ತೀಯಾ? ನಿಂಗೆ ಸ್ವಂತ ಬುದ್ಧಿ ಬೇಡ್ವಾ?" ಎಂದು ಅವನ ಮೇಲೆ ಹರಿಹಾಯ್ದಳು.

"ನೀನೇ ಹೇಳಿದ್ಯಲ್ಲ ಹುಡುಗಿ," ಎಂದ ಅವನು. ಅವಳು ಮುಖಕ್ಕೆ ಏಪ್ರನ್ ಮುಚ್ಚಿಕೊಂಡು ಅತ್ತಳು.

ಅಕ್ಟೋಬರಿನಲ್ಲಿ ಕ್ವೀನಿ ತಾಯಿಯನ್ನು ಕುರ್ಚಿ ಸಮೇತ ಗಾಡಿಗೆ ಹತ್ತಿಸಿಕೊಂಡು ಹೊಸ ಮನೆಗೆ ಹೋದಳು. ಕೌನ್ಸಿಲಿನವರು ಬಂದು ಅವಳ ಪಾಲಿನ ಕಿಟಕಿ ಬಾಗಿಲಿಗೆ ಹಲಗೆ ಬಡಿದರು. ಆ ಕಡೆ ಒಲೆ ಆರಿತು. ಇಷ್ಟು ವರ್ಷ ಕ್ವೀನಿಯ ಒಲೆಯ ಬಿಸಿಯಾದರೂ ನಡುಗೋಡೆಗೆ ತಾಗುತ್ತಿತ್ತು, ಈಗ ಅದೂ ಹೋಯಿತು. ನವೆಂಬರು ಬರುವಷ್ಟರಲ್ಲಿ ಹೆಟ್ಟಿಯ ಮನೆಗೆ ಒಂದರ ಬದಲು ಎರಡು ಒದ್ದೆ ಗೋಡೆ. ಮೂರು ಕೈ ಸುಣ್ಣ ಹಪ್ಪಳದಂತೆ ಎದ್ದು ನೆಲಕ್ಕೆ ಬಿತ್ತು. ವಾಲ್ಟ್ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋದರೆ ಹೆಚ್ಚು. ಉಳಿದ ದಿನ ಒಲೆಯೆದುರು ಕುಳಿತಿರುತ್ತಿದ್ದ. ಒಲೆಯಲ್ಲಿ ಬೆಂಕಿಯೂ ಸಣ್ಣದೇ. ಇದ್ದ ಕಲ್ಲಿದ್ದಲು ಜೂನ್ ತಿಂಗಳಲ್ಲೇ ಬೂದಿಯಾಗಿತ್ತಲ್ಲ.

ಒಂದು ಸೋಮವಾರ ಪಂಪಿನ ಬಳಿ ಕ್ವೀನಿ ಎದುರಾದಳು. ಅಂಗಡಿಗೆ ಹೊರಟಿದ್ದಳು, ಕೈಯಲ್ಲಿ ಬಕೆಟ್ ಇರಲಿಲ್ಲ.

"ಹೋಗಿ ಹೇಳೇ ಅವರಿಗೆ. ಸುಳ್ಳು ಹೇಳ್ದೆ ಅಂತ ಬಾಯಿಬಿಟ್ಟು ಹೇಳು. ಕತ್ತು ಕೊಯ್ತಾರಾ?"

"ಇಷ್ಟು ದಿನ ಆದ್ಮೇಲೆ?"

"ವಾಲ್ಟ್ ಕೆಮ್ಮು ನಮ್ಮನೇವರೆಗೂ ಕೇಳುತ್ತೆ ಹೆಟ್ಟಿ. ಚರ್ಚಿನಾಚೆ."

ಬುಧವಾರದ ಬಸ್ಸಿಗೆ ಹೆಟ್ಟಿ ಪೇಟೆಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ತುಟಿಯೊಳಗೇ ಹೇಳಿಕೊಂಡಳು. ನನ್ನ ಮನೆ ಕೊಳೆತಿದೆ ಸಾರ್. ನನ್ನ ಮನೆ ಕೊಳಕು ಸಾರ್. ಎಂಟು ಪದಗಳನ್ನು ಹೇಳಲು ಅವಳಿಗೆ ಇಡೀ ಜನ್ಮ ಬೇಕಾಗಿತ್ತು ನೋಡಿ. ಕಚೇರಿಯಲ್ಲಿ ಮಿಸ್ಟರ್ ಟ್ರಿಗ್ ಅವಳನ್ನು ಕಂಡೊಡನೆ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ. ಕೈಚೀಲವನ್ನು ಎರಡು ಕೈಯಲ್ಲೂ ಬಿಗಿಹಿಡಿದು, ಕಪಾಟಿನ ಹಿಂದಿನ ಗೋಡೆ, ಕೊಟ್ಟಿಗೆಯಲ್ಲಿ ಬಚ್ಚಿಟ್ಟ ಬಕೆಟ್, ಪೆಪ್ಪರ್‌ಮಿಂಟು, ಡಾಕ್ಟರು ಗೇಟಿನ ಬಳಿ ಹೇಳಿದ ಮಾತು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು.

ಅವನು ಬಹಳ ಹೊತ್ತು ಕಾಗದ ತಿರುವಿದ.

"ಆದ್ರೆ ನಾನು ಕೇಳಿದ್ನಲ್ಲ ಮಿಸೆಸ್ ಪಾಂಟಿಂಗ್."

"ಕೇಳಿದ್ರಿ ಸಾರ್."

"ಮತ್ತೆ ಯಾಕೆ...?"

"ಹೇಳಿಕೊಳ್ಳೋಕೆ ಬರಲ್ಲ ಸಾರ್ ನಮಗೆ."

ಆರು ಮನೆಗೂ ಜನ ಬಂದಾಗಿದೆ, ಮುಂದಿನ ಮನೆಗಳಿಗೆ ಅಪ್ಪಣೆ ಸಿಕ್ಕರೆ ಇನ್ನು ಮೂರು ವರ್ಷ, ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದುಕೊಳ್ಳುತ್ತೇನೆ ಎಂದ. ಅವನಿಗೂ ಸಂಕಟವಾಗಿತ್ತು. ಬಾಗಿಲವರೆಗೆ ಬಂದ. ಏನಾದರೂ ಒಳ್ಳೆಯ ಮಾತು ಹೇಳಿ ಕಳಿಸಬೇಕು ಅನ್ನಿಸಿತೋ ಏನೋ.

"ನಿಜ ಹೇಳ್ತೀನಿ, ಈ ಜಿಲ್ಲೆಯಲ್ಲಿ ನೂರಾರು ಮನೆ ನೋಡಿದ್ದೀನಿ. ನಿಮ್ಮ ಮನೆ ಥರ ಇಟ್ಕೊಂಡಿರೋದನ್ನ ಎಲ್ಲೂ ನೋಡಿಲ್ಲ. ಮನೆಗೆ ಹೋಗಿ ನನ್ನ ಹೆಂಡ್ತಿಗೂ ಹೇಳ್ದೆ."

ಹೆಟ್ಟಿಯ ಮುಖ ಅರಳಿತು. ಹೌದು, ಅರಳಿತು! ಒಂದು ಕ್ಷಣ ಅವಳಿಗೆ ಸೊಂಟದ ನೋವೂ ಮರೆತುಹೋಯಿತು. "ಥ್ಯಾಂಕ್ಯೂ ಸಾರ್," ಎಂದಳು. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ, ತಾನು ಯಾವುದಕ್ಕೆ ನಕ್ಕೆ ಎಂದು ನೆನಪಾಗಿ, ಅಲ್ಲೇ ಒಂದು ಅಂಗಡಿಯ ಗೋಡೆಗೆ ಒರಗಿ ನಿಂತಳು. ಮಧ್ಯಾಹ್ನದ ಬಸ್ಸು ತಪ್ಪಿತು.

ಮನೆಗೆ ಬಂದಾಗ ವಾಲ್ಟ್ ಕೋಟು ಹಾಕಿಕೊಂಡೇ ಒಲೆಯ ಮುಂದೆ ಕುಳಿತಿದ್ದ. ಅವಳಿಗೆಂದು ಟೀ ಮಾಡಿ ಮುಚ್ಚಿಟ್ಟಿದ್ದ. ಅದು ಆರಿಹೋಗಿತ್ತು.

"ಏನಂದ್ರು ಹುಡುಗಿ?"

"ಮೂರು ವರ್ಷ ಅಂತೆ. ನಮ್ಮಿಬ್ಬರ ಹೆಸರು ಎಲ್ಲಕ್ಕಿಂತ ಮೇಲೆ ಬರ್ಕೊಂಡ್ರು."

ಅವನು ಬೆಂಕಿ ಕೆದಕುವ ಕಂಬಿಯನ್ನು ಮೆಲ್ಲಗೆ ಕೆಳಗಿಟ್ಟ. ದನಿಯಲ್ಲಿ ಕಹಿಯೇನೂ ಇರಲಿಲ್ಲ, ನಾಳೆಯ ಹವೆ ಹೇಗಿರುತ್ತದೆ ಎಂದು ಹೇಳುವವನಂತೆ ಹೇಳಿದ.

"ನಿನ್ನೊಬ್ಬಳದ್ದೇ ಬರೆಸಬೇಕಿತ್ತು ಹೆಟ್ಟಿ. ಗೇಟು ಅಡುಗೆಮನೆ ಕಿಟಕಿಗೆ ಅಷ್ಟೇನೂ ದೂರ ಇಲ್ಲ. ಡಾಕ್ಟರು ಅವತ್ತು ಹೇಳಿದ್ದು ನಂಗೂ ಕೇಳಿಸ್ತು."